ಅಂಕೆಗಳ ಚೌಕ ಬಂದ ದಾರಿ

ನಿಮ್ಮ ಮನೆಗೆ ಬೆಳಿಗ್ಗೆ ಬರುವ ವೃತ್ತಪತ್ರಿಕೆಯಲ್ಲಿ, ದಿನಭವಿಷ್ಯದ ಅಕ್ಕಪಕ್ಕದಲ್ಲೆಲ್ಲೋ, ಒಂದು ಚಿಕ್ಕ ಚೌಕ ಅಚ್ಚಾಗಿರುವುದನ್ನು ನೀವು ಕಂಡೇ ಇರುತ್ತೀರಿ. ಅಡ್ಡಕ್ಕೆ ಒಂಬತ್ತು ಮನೆ, ಉದ್ದಕ್ಕೆ ಒಂಬತ್ತು ಮನೆ, ಒಟ್ಟು ೮೧. ಅದರೊಳಗೆ ಮತ್ತೆ ಮೂರಕ್ಕೆ ಮೂರರಂತೆ ಒಂಬತ್ತು ಒಳಚೌಕಗಳು. ಕೆಲವು ಮನೆಗಳಲ್ಲಿ ಅಂಕೆಗಳನ್ನು ಮೊದಲೇ ತುಂಬಿ ಕೊಟ್ಟಿರುತ್ತಾರೆ, ಉಳಿದವು ಬರಿದು. ಪ್ರತಿ ಅಡ್ಡಸಾಲಿನಲ್ಲಿ, ಪ್ರತಿ ಕಂಬಸಾಲಿನಲ್ಲಿ, ಪ್ರತಿ ಒಳಚೌಕದಲ್ಲಿ ಒಂದರಿಂದ ಒಂಬತ್ತರವರೆಗಿನ ಅಂಕೆಗಳು ಒಂದೊಂದೇ ಸಲ ಬರುವಂತೆ ಬರಿದಾದ ಮನೆಗಳನ್ನು ತುಂಬಬೇಕು. ಕೂಡುವುದಿಲ್ಲ, ಕಳೆಯುವುದಿಲ್ಲ. ಅಂಕೆಗಳ ಬದಲಿಗೆ ಒಂಬತ್ತು ಹೂಗಳ ಹೆಸರು ಬರೆದುಕೊಂಡರೂ ಆಟ ಕೆಡದು. ಇದಕ್ಕೆ ಸುಡೊಕು ಎಂದು ಹೆಸರು. ಹೆಸರು ಜಪಾನಿನದು, ಆದ್ದರಿಂದ ಆಟವೂ ಜಪಾನಿನದೆಂದು ನಾವೆಲ್ಲ ಬಗೆದಿದ್ದೇವೆ.

ನಾನೂ ಹಾಗೆಯೇ ಬಗೆದಿದ್ದೆ. ಅದನ್ನು ಕೆದಕುವಂತೆ ಮಾಡಿದವಳು ಕುಷ್ಟಗಿಯಲ್ಲಿರುವ ನನ್ನ ತಮ್ಮನ ಮಗಳು. ಒಂಬತ್ತನೆಯ ಇಯತ್ತೆಯ ಹುಡುಗಿ. ಪತ್ರಿಕೆ ಮನೆಗೆ ಬಂದೊಡನೆ ಆ ಚೌಕವನ್ನು ನೋಟುಬುಕ್ಕಿಗೆ ಇಳಿಸಿಕೊಳ್ಳುವಳು. ಬಿಡಿಸಿ, ರಬ್ಬರಿನಿಂದ ಅಳಿಸಿ, ಮರುದಿನ ಮತ್ತೆ ಅದನ್ನೇ ಬೇರೆ ಮೂಲೆಯಿಂದ ಬಿಡಿಸುವಳು. ಅಳಿಸಿ ಅಳಿಸಿ ಹಾಳೆ ತೂತು ಬಿದ್ದಿದ್ದುದನ್ನು ನಾನೇ ಕಂಡೆ. ಗಣಿತದ ಪರೀಕ್ಷೆಯಲ್ಲಿ ಅವಳಿಗೆ ಬಂದ ಅಂಕಗಳು ಹೇಳಿಕೊಳ್ಳುವಂಥವಲ್ಲ. ಅದಕ್ಕೆ ನನ್ನ ತಮ್ಮನಿಗೆ ಸಿಟ್ಟು. “ಇದರಾಗ ಇಡೂ ಲಕ್ಷ್ಯ ಆ ಪುಸ್ತಕದಾಗ ಇಟ್ಟಿದ್ರ ಪಾಸಾದ್ರೂ ಆಗತಿದ್ಲು” ಎಂದು ಗೊಣಗಿದ. ಬರುವ ವರ್ಷ ಹತ್ತನೆಯದು. ಪತ್ರಿಕೆಯನ್ನೇ ನಿಲ್ಲಿಸಿಬಿಡುವ ವಿಚಾರವೂ ಅವನಿಗಿತ್ತು. ಹುಡುಗಿ ನನ್ನನ್ನು ಪಡಸಾಲೆಯ ಒಂದು ಮೂಲೆಗೆ ಕರೆದು ಕೇಳಿದಳು: “ದೊಡ್ಡಪ್ಪ, ಇವು ದಿನಕ್ಕ ಒಂದ ಬರ್ತಾವು, ಸಾಲೂದಿಲ್ಲ. ಜಪಾನದಾಗ ಇವುದರ ಪುಸ್ತಕಾನ ಇರ್ತಾವಂತ. ನಮಗ ಎಲ್ಲಿ ಸಿಗ್ತಾವ?”

ಸುಲಭದ ಪ್ರಶ್ನೆಯೆಂದು ಒಪ್ಪಿಕೊಂಡು ಬಂದೆ. ಕೊಪ್ಪಳದ ಪುಸ್ತಕದಂಗಡಿಯಲ್ಲಿ ಪಂಚಾಂಗವಿತ್ತು, ಗೈಡುಗಳಿದ್ದವು, ಸ್ಪರ್ಧಾತ್ಮಕ ಪರೀಕ್ಷೆಗಳ ದಪ್ಪ ಪುಸ್ತಕಗಳಿದ್ದವು. ಅಂಗಡಿಯವರು ಬಹಳ ಹೊತ್ತು ಹುಡುಕಿ ‘ಮಾನಸಿಕ ಸಾಮರ್ಥ್ಯ’ ಎಂಬ ಹೊತ್ತಗೆಯನ್ನು ಕೈಗಿಟ್ಟರು. ಅದು ಪೊಲೀಸ್ ನೇಮಕಾತಿಯದು! ಗಂಗಾವತಿಯಲ್ಲಿ ಒಂದು ಸುಡೊಕು ಪುಸ್ತಕವೇನೋ ಸಿಕ್ಕಿತು. ಮನೆಗೆ ತಂದು ತೆರೆದರೆ ಯಾರೋ ಪುಣ್ಯಾತ್ಮರು ಮೊದಲ ಇಪ್ಪತ್ತು ಪುಟಗಳನ್ನು ಪೆನ್ನಿನಿಂದಲೇ ತುಂಬಿಟ್ಟಿದ್ದರು. ಹೀಗೆ ಪುಸ್ತಕ ಹುಡುಕುತ್ತ ಹೋದವನು ಅದರ ಚರಿತ್ರೆಯಲ್ಲಿ ಸಿಕ್ಕಿಬಿದ್ದೆ. ಆ ಚರಿತ್ರೆ ಪುಸ್ತಕಕ್ಕಿಂತ ಸ್ವಾರಸ್ಯವಾಗಿದೆ. ಕೇಳಿ.

ಮೊದಲನೆಯ ಮಾತು: ಸುಡೊಕು ಹುಟ್ಟಿದ್ದು ಜಪಾನಿನಲ್ಲಲ್ಲ, ಅಮೆರಿಕದಲ್ಲಿ. ೧೯೭೯ರ ಮೇ ತಿಂಗಳಲ್ಲಿ ಡೆಲ್ ಎಂಬ ಪ್ರಕಾಶನದವರ ಒಗಟುಗಳ ಪತ್ರಿಕೆಯಲ್ಲಿ ‘ನಂಬರ್ ಪ್ಲೇಸ್’ ಎಂಬ ಹೆಸರಿನಿಂದ ಇದು ಮೊದಲು ಅಚ್ಚಾಯಿತು. ರಚಿಸಿದವರ ಹೆಸರನ್ನು ಅಲ್ಲಿ ಕೊಟ್ಟಿರಲಿಲ್ಲ. ಬಹಳ ವರ್ಷಗಳ ಮೇಲೆ ವಿಲ್ ಶಾರ್ಟ್ಸ್ ಎಂಬ ಒಗಟು ಸಂಪಾದಕರು ಹಳೆಯ ಸಂಚಿಕೆಗಳನ್ನು ಮುಂದಿಟ್ಟುಕೊಂಡು ಪತ್ತೇದಾರಿಕೆ ನಡೆಸಿದರು. ಈ ಚೌಕ ಅಚ್ಚಾದ ಸಂಚಿಕೆಗಳ ಲೇಖಕರ ಪಟ್ಟಿಯಲ್ಲಿ ಒಂದು ಹೆಸರು ತಪ್ಪದೆ ಬರುತ್ತಿತ್ತು. ಚೌಕವಿಲ್ಲದ ಸಂಚಿಕೆಗಳಲ್ಲಿ ಆ ಹೆಸರೂ ಇರಲಿಲ್ಲ. ಅವರೇ ಹೋವರ್ಡ್ ಗಾರ್ನ್ಸ್, ಇಂಡಿಯಾನಾ ಪ್ರಾಂತದ ನಿವೃತ್ತ ವಾಸ್ತುಶಿಲ್ಪಿ. ಚೌಕ ಅಚ್ಚಾದಾಗ ಅವರಿಗೆ ೭೪ ವರ್ಷ. ೧೯೮೯ರಲ್ಲಿ ತೀರಿಕೊಂಡರು. ತಮ್ಮ ಕೈಯ ಚೌಕವನ್ನು ಮುಂದೆ ಜಗತ್ತಿನ ಅರ್ಧ ಜನ ಚಹಾ ಕುಡಿಯುತ್ತ ಬಿಡಿಸುವರೆಂದು ಅವರು ಕನಸಿನಲ್ಲಿಯೂ ಎಣಿಸಿರಲಾರರು.

ಇನ್ನು ಜಪಾನು. ಟೋಕಿಯೋದಲ್ಲಿ ಮಾಕಿ ಕಾಜಿ ಎಂಬ ತರುಣ ಗೆಳೆಯರನ್ನು ಕೂಡಿಕೊಂಡು ೧೯೮೦ರಲ್ಲಿ ಒಗಟುಗಳ ಪತ್ರಿಕೆಯೊಂದನ್ನು ಆರಂಭಿಸಿದರು. ಅದಕ್ಕೆ ಇಟ್ಟ ಹೆಸರು ‘ನಿಕೋಲಿ’. ಅದೇನು ಜಪಾನೀ ದೇವತೆಯ ಹೆಸರಲ್ಲ. ಆ ವರ್ಷ ಐರ್ಲೆಂಡಿನ ದೊಡ್ಡ ಪಂದ್ಯವನ್ನು ಗೆದ್ದ ಕುದುರೆಯ ಹೆಸರು. ಕಾಜಿಯವರಿಗೆ ಕುದುರೆ ಜೂಜಿನ ಹುಚ್ಚು. ಅಮೆರಿಕದ ಆ ಚೌಕ ಅವರ ಕಣ್ಣಿಗೆ ಬಿದ್ದು, ೧೯೮೪ರಲ್ಲಿ ತಮ್ಮ ಮಾಸಿಕದಲ್ಲಿ ಅದನ್ನು ಅಚ್ಚುಹಾಕಿದರು. ‘ಅಂಕೆಗಳು ಒಂಟಿಯಾಗಿಯೇ ಇರತಕ್ಕದ್ದು’ ಎಂಬರ್ಥದ ಉದ್ದವಾದ ಜಪಾನೀ ವಾಕ್ಯವೇ ಅದರ ಮೊದಲ ಹೆಸರು. ‘ಒಂಟಿ’ ಎಂಬುದಕ್ಕೆ ಅಲ್ಲಿ ‘ಮದುವೆಯಾಗದವನು’ ಎಂಬ ಅರ್ಥವೂ ಉಂಟು. ಅದನ್ನು ಕತ್ತರಿಸಿ ಗಿಡ್ಡಮಾಡಿದ್ದೇ ಸುಡೊಕು. ಅಂದರೆ ಬ್ರಹ್ಮಚಾರಿ ಅಂಕೆಗಳ ಆಟ.

ನಿಕೋಲಿಯವರು ಹೆಸರನ್ನಷ್ಟೇ ಕೊಟ್ಟರೆಂದು ತಿಳಿಯಬೇಡಿ. ೧೯೮೬ರಲ್ಲಿ ಅವರು ಎರಡು ಕಟ್ಟುಗಳನ್ನು ಹಾಕಿಕೊಂಡರು. ಮೊದಲೇ ಕೊಡುವ ಅಂಕೆಗಳು ೩೨ನ್ನು ಮೀರಬಾರದು. ಅವು ಕೂತ ಮನೆಗಳ ವಿನ್ಯಾಸ ಕಣ್ಣಿಗೆ ಒಪ್ಪವಾಗಿರಬೇಕು. ಪುಟವನ್ನು ತಲೆಕೆಳಗು ಮಾಡಿ ಹಿಡಿದರೂ ತುಂಬಿದ ಮನೆಗಳು ಅದೇ ಸ್ಥಾನಗಳಲ್ಲಿ ಕಾಣಬೇಕು, ನಮ್ಮ ಹೆಣ್ಣುಮಕ್ಕಳು ಚುಕ್ಕೆಯಿಟ್ಟು ಬರೆಯುವ ರಂಗೋಲಿಯಂತೆ. ಚೌಕಗಳನ್ನು ಯಂತ್ರದಿಂದ ಮಾಡಿಸದೆ ಕೈಯಿಂದಲೇ ಕಟ್ಟುವುದು ಅವರ ಪದ್ಧತಿ. ಕಟ್ಟುವವರೂ ಬಹುಮಟ್ಟಿಗೆ ಪತ್ರಿಕೆಯ ಓದುಗರೇ. ಒಬ್ಬ ಓದುಗನು ಹೊಸ ಬಗೆಯ ಒಗಟೊಂದನ್ನು ಬರೆದು ಕಳಿಸುವನು. ಇನ್ನೊಬ್ಬನು ಅದನ್ನು ತಿದ್ದುವನು. ಮೂರನೆಯವನು ಅದರಲ್ಲಿ ಹೊಸದೊಂದು ತಿರುವನ್ನು ಕಾಣುವನು. ನಮ್ಮಲ್ಲಿ ಮದುವೆಯ ಮನೆಗಳಲ್ಲಿ ಒಡಪುಗಳು ಬೆಳೆದದ್ದು ಹೀಗೆಯೇ ಅಲ್ಲವೆ? ನನ್ನ ಮಟ್ಟಿಗೆ ಜಪಾನಿನ ನಿಜವಾದ ಹೆಚ್ಚುಗಾರಿಕೆ ಇಲ್ಲಿದೆ.

ಇಲ್ಲೊಂದು ತಮಾಷೆ. ಸುಡೊಕು ಎಂಬ ಹೆಸರು ಜಪಾನಿನಲ್ಲಿ ನಿಕೋಲಿಯವರ ನೋಂದಾಯಿತ ಮುದ್ರೆ. ಆದ್ದರಿಂದ ಅಲ್ಲಿಯ ಉಳಿದ ಪ್ರಕಾಶಕರು ಅಮೆರಿಕದ ಹಳೆಯ ಹೆಸರನ್ನೇ ಮೊಟಕುಮಾಡಿ ‘ನಂಪುರೆ’ ಎನ್ನುತ್ತಾರೆ. ಜಪಾನಿನವರು ಇಂಗ್ಲಿಷ್ ಹೆಸರಿನಿಂದ ಕರೆಯುತ್ತಾರೆ, ಇಂಗ್ಲಿಷರು ಜಪಾನೀ ಹೆಸರಿನಿಂದ ಕರೆಯುತ್ತಾರೆ!

ಚೌಕ ಜಪಾನಿನಿಂದ ಹೊರಟು ಜಗತ್ತನ್ನು ಸುತ್ತಿದ್ದು ಒಬ್ಬ ನಿವೃತ್ತ ನ್ಯಾಯಾಧೀಶರಿಂದ. ನ್ಯೂಜಿಲೆಂಡಿನ ವೇನ್ ಗೌಲ್ಡ್ ಹಾಂಗ್‌ಕಾಂಗಿನಲ್ಲಿ ನ್ಯಾಯಾಧೀಶರಾಗಿದ್ದವರು. ೧೯೯೭ರಲ್ಲಿ ಟೋಕಿಯೋದ ಪುಸ್ತಕದಂಗಡಿಯೊಂದರಲ್ಲಿ ಈ ಚೌಕವನ್ನು ಕಂಡರು. ಜಪಾನೀ ಭಾಷೆ ಬಾರದಿದ್ದರೂ ಅರ್ಧ ತುಂಬಿದ ಚೌಕವನ್ನು ಕಂಡವರಿಗೆ ಕೈ ಸುಮ್ಮನಿರದು. ಆರು ವರ್ಷ ಕೂತು ಚೌಕಗಳನ್ನು ಹೆಣೆಯುವ ಕಂಪ್ಯೂಟರ್ ಕ್ರಮವಿಧಿಯೊಂದನ್ನು ಬರೆದರು. ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆ ೨೦೦೪ರ ನವೆಂಬರ್ ೧೨ರಂದು ಮೊದಲ ಚೌಕವನ್ನು ಅಚ್ಚುಹಾಕಿತು. ಗೌಲ್ಡ್ ಪತ್ರಿಕೆಗಳಿಗೆ ಚೌಕಗಳನ್ನು ಬಿಟ್ಟಿಯಾಗಿ ಕೊಟ್ಟು, ಪ್ರತಿಯಾಗಿ ತಮ್ಮ ಕ್ರಮವಿಧಿಯ ಜಾಹೀರಾತನ್ನು ಮಾತ್ರ ಕೇಳಿದರು. ಬಿಟ್ಟಿ ಬಂದುದನ್ನು ಯಾವ ಸಂಪಾದಕ ಬೇಡವೆಂದಾನು? ೨೦೦೫ರ ಹೊತ್ತಿಗೆ ಅದು ಭಾರತದ ಪತ್ರಿಕೆಗಳಿಗೂ ಬಂದು ಮುಟ್ಟಿತು. ಕ್ರಮೇಣ ಕನ್ನಡಕ್ಕೂ ಬಂತು. ಕಾಜಿಯವರು ೨೦೨೧ರ ಆಗಸ್ಟ್ ೧೦ರಂದು ತಮ್ಮ ೬೯ನೆಯ ವಯಸ್ಸಿನಲ್ಲಿ ತೀರಿಕೊಂಡರು. ಜಪಾನಿನ ಹೊರಗೆ ಸುಡೊಕು ಹೆಸರಿನ ಹಕ್ಕನ್ನು ಅವರು ಪಡೆದಿರಲಿಲ್ಲ.

ಗಾರ್ನ್ಸ್ ಅವರಿಗಿಂತ ಹಿಂದೆ ಏನೂ ಇರಲಿಲ್ಲವೆ? ಇತ್ತು. ಸಾಲಿನಲ್ಲಿ ಮರುಕಳಿಸದಂತೆ ಗುರುತುಗಳನ್ನು ತುಂಬುವ ಚೌಕಗಳನ್ನು ಕುರಿತು ಸ್ವಿಟ್ಜರ್ಲೆಂಡಿನ ಗಣಿತಜ್ಞ ಆಯ್ಲರ್ ಹದಿನೆಂಟನೆಯ ಶತಮಾನದಲ್ಲಿಯೇ ಬರೆದಿದ್ದ. ೧೭೮೨ರಲ್ಲಿ ಅಚ್ಚಾದ ಆ ಪ್ರಬಂಧದಲ್ಲಿ ೩೬ ಜನ ಸೇನಾಧಿಕಾರಿಗಳನ್ನು ಆರಾರು ಸಾಲುಗಳಲ್ಲಿ ನಿಲ್ಲಿಸುವ ಸಮಸ್ಯೆಯಿದೆ. ಅದರ ಬೆನ್ನಿಗೆ ಆಯ್ಲರ್ ಒಂದು ಊಹೆಯನ್ನೂ ಮಾಡಿದ: ಇಂಥ ಜೋಡಿಚೌಕಗಳು ಆರರ ಅಳತೆಗೆ ಹೇಗೆ ಆಗವೋ ಹಾಗೆಯೇ ಹತ್ತಕ್ಕೂ, ಹದಿನಾಲ್ಕಕ್ಕೂ, ಅದೇ ಸರಣಿಯ ಉಳಿದ ಸಂಖ್ಯೆಗಳಿಗೂ ಆಗವು ಎಂದು. ಆ ಊಹೆ ಹತ್ತಿರ ಹತ್ತಿರ ೧೮೦ ವರ್ಷ ಬಾಳಿತು. ಅದನ್ನು ೧೯೫೯ರಲ್ಲಿ ಮುರಿದವರು ಮೂವರು: ಆರ್. ಸಿ. ಬೋಸ್, ಎಸ್. ಎಸ್. ಶ್ರೀಖಂಡೆ, ಮತ್ತು ಇ. ಟಿ. ಪಾರ್ಕರ್. ಮೂವರಲ್ಲಿ ಇಬ್ಬರು ಭಾರತೀಯರು.

ಇದು ಬರಿಯ ಕಾಗದದ ಆಟವೆಂದು ಗಂಗಾವತಿಯ ಕಡೆಯ ರೈತರು ತಳ್ಳಿಹಾಕಬಾರದು. ನಾಲ್ಕು ತಳಿಯ ಭತ್ತದಲ್ಲಿ ಯಾವುದು ಮೇಲೆಂದು ನೋಡಬೇಕು ಎನ್ನಿ. ಗದ್ದೆಯ ಒಂದು ಬದಿ ಕಾಲುವೆಗೆ ಹತ್ತಿರ, ಇನ್ನೊಂದು ಬದಿ ಸವುಳು. ಒಂದೊಂದು ತಳಿಯನ್ನು ಒಂದೊಂದು ಮೂಲೆಗೆ ಹಾಕಿದರೆ ಗೆದ್ದದ್ದು ತಳಿಯೋ ನೆಲವೋ ತಿಳಿಯದು. ಗದ್ದೆಯನ್ನು ನಾಲ್ಕಕ್ಕೆ ನಾಲ್ಕರಂತೆ ೧೬ ಮಡಿಗಳಾಗಿ ಮಾಡಿ, ಪ್ರತಿ ಸಾಲಿನಲ್ಲಿಯೂ ಪ್ರತಿ ಕಂಬದಲ್ಲಿಯೂ ಪ್ರತಿ ತಳಿ ಒಂದೇ ಸಲ ಬರುವಂತೆ ಬಿತ್ತಿದರೆ ನೆಲದ ಪಕ್ಷಪಾತ ಬಹುಮಟ್ಟಿಗೆ ಕಳೆದುಹೋಗುತ್ತದೆ. ಆರ್. ಎ. ಫಿಶರ್ ಎಂಬ ಇಂಗ್ಲಿಷ್ ಸಂಖ್ಯಾಶಾಸ್ತ್ರಜ್ಞರು ಕೃಷಿಪ್ರಯೋಗಗಳಿಗೆ ಈ ಕ್ರಮವನ್ನು ಬಳಕೆಗೆ ತಂದರು. ೧೯೫೬ರಲ್ಲಿ ಜರ್ಮನಿಯ ಡಬ್ಲ್ಯು. ಯು. ಬೆಹ್ರೆನ್ಸ್ ಎಂಬವರು, ಸಾಲು ಕಂಬಗಳಷ್ಟೇ ಸಾಲದು, ಒಳಚೌಕದಲ್ಲಿಯೂ ತಳಿ ಮರುಕಳಿಸಬಾರದು ಎಂಬ ಮೂರನೆಯ ಕಟ್ಟನ್ನೂ ಸೇರಿಸಿದರು. ಹೆಸರಿಲ್ಲದ ಸುಡೊಕು ಹೊಲದಲ್ಲಿ ಮೊದಲೇ ಬೆಳೆದಿತ್ತು ಎನ್ನಬಹುದು.

ಇಷ್ಟನ್ನು ಹೇಳಿದೊಡನೆ ನಮ್ಮಲ್ಲಿ ಕೆಲವರು ಏಳುವರು: ಇದೆಲ್ಲ ನಮ್ಮಲ್ಲಿಯೇ ಇತ್ತು, ಅವರು ಕದ್ದರು ಎಂದು. ಕೊಪ್ಪಳದವರಾದ ನಮಗೆ ಈ ಮಾತು ಸವಿಯಾಗಿಯೇ ಕೇಳುತ್ತದೆ; ಆದರೆ ಅಷ್ಟು ಬೇಗ ನುಂಗಬಾರದು. ಇದ್ದುದು ಏನೆಂದು ನೋಡೋಣ.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳ ಜೊತೆಗೆ ಕೊಪಣವನ್ನು ಹೆಸರಿಸುತ್ತದೆ. ಆ ಕೊಪಣವೇ ಇಂದಿನ ಕೊಪ್ಪಳವೆಂಬುದು ವಿದ್ವಾಂಸರ ಬಹುಮತ. ಜೈನರಿಗೆ ಅದು ಮಹಾತೀರ್ಥ. ಅದೇ ಕಾಲದಲ್ಲಿ, ಅದೇ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದ. ಅವನು ಕೊಪಣದ ಬೆಟ್ಟವನ್ನು ಹತ್ತಿದ್ದನೆಂದು ನಾನು ಹೇಳಲಾರೆ. ಆದರೆ ಅಂಕೆಗಳೊಡನೆ ಆಡುವುದರಲ್ಲಿ ಅವನಿಗೆ ಮಕ್ಕಳ ಉತ್ಸಾಹ. ಗುಣಾಕಾರದ ಲೆಕ್ಕಗಳನ್ನು ಕೊಡುವಾಗ ಉತ್ತರವು ಕೊರಳ ಹಾರದಂತೆ ಎರಡು ಕಡೆಯಿಂದಲೂ ಒಂದೇ ಆಗಿ ಕಾಣುವ ಸಂಖ್ಯೆಗಳನ್ನೇ ಹುಡುಕಿ ಆರಿಸುತ್ತಾನೆ. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿ ನೋಡಿ: ೧೨೩೪೫೬೫೪೩೨೧ ಬರುತ್ತದೆ. ೧೨೩೪೫೬೭೯ನ್ನು ೯ರಿಂದ ಗುಣಿಸಿದರೆ ಒಂಬತ್ತು ಒಂದುಗಳ ಸರ.

ಅವನ ಇನ್ನೊಂದು ಲೆಕ್ಕವನ್ನು ಇಂದು ರಾತ್ರಿ ಊಟವಾದ ಮೇಲೆ ಮನೆಯ ಮಕ್ಕಳಿಗೆ ಕೇಳಿ. ಮೂವರು ವರ್ತಕರು ದಾರಿಯಲ್ಲಿ ಹಣದ ಗಂಟೊಂದನ್ನು ಕಂಡರು. ಮೊದಲನೆಯವನು, “ಈ ಗಂಟು ನನಗೆ ದೊರೆತರೆ ನಿಮ್ಮಿಬ್ಬರ ಹಣ ಕೂಡಿದ್ದರ ಎರಡರಷ್ಟು ನನ್ನದಾಗುವುದು” ಎಂದ. ಎರಡನೆಯವನು, ತನಗೆ ದೊರೆತರೆ ಉಳಿದಿಬ್ಬರ ಮೂರರಷ್ಟು ಎಂದ. ಮೂರನೆಯವನು, ಐದರಷ್ಟು ಎಂದ. ಗಂಟಿನಲ್ಲಿ ಎಷ್ಟಿತ್ತು, ಒಬ್ಬೊಬ್ಬರ ಕೈಯಲ್ಲಿ ಎಷ್ಟಿತ್ತು? ಪೂರ್ಣಾಂಕಗಳಲ್ಲಿ ಅತಿ ಚಿಕ್ಕ ಉತ್ತರ: ಗಂಟಿನಲ್ಲಿ ೧೫, ಕೈಯಲ್ಲಿ ೧, ೩, ೫. ಉತ್ತರವನ್ನು ನಾನು ಹೇಳಿಬಿಟ್ಟೆ. ನೀವು ಮಕ್ಕಳಿಗೆ ಹೇಳಬೇಡಿ. ಈ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ೧೯೧೨ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದವನ್ನು ೨೦೦೦ದಲ್ಲಿ ಹೊಂಬುಜದ ಜೈನಮಠದವರು ಹೊರತಂದರು. ಕನ್ನಡದಲ್ಲಿಯೇ ಗಣಿತ ಬರೆದವನು ಬೇಕೆಂದರೆ ಹನ್ನೆರಡನೆಯ ಶತಮಾನದ ರಾಜಾದಿತ್ಯನಿದ್ದಾನೆ. ಅವನ ‘ವ್ಯವಹಾರಗಣಿತ’ ಸಂತೆಯ, ಅಳತೆಯ, ಬಡ್ಡಿಯ ಲೆಕ್ಕಗಳ ಪುಸ್ತಕ.

ಚೌಕದ ವಿಷಯಕ್ಕೆ ಬಂದರೆ, ನಮ್ಮ ದೇಶದಲ್ಲಿ ಇದ್ದುದು ಮಾಯಾಚೌಕ. ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ, ಹೇಗೆ ಕೂಡಿದರೂ ಒಂದೇ ಮೊತ್ತ. ಖಜುರಾಹೋದ ಪಾರ್ಶ್ವನಾಥ ಬಸದಿಯಲ್ಲಿ ಕೆತ್ತಿದ ೧೬ ಮನೆಯ ಚೌಕದಲ್ಲಿ ಆ ಮೊತ್ತ ೩೪. ೧೩೫೬ರಲ್ಲಿ ನಾರಾಯಣ ಪಂಡಿತನು ತನ್ನ ‘ಗಣಿತಕೌಮುದಿ’ಯ ಒಂದು ಅಧ್ಯಾಯವನ್ನೇ ಇದಕ್ಕೆ ಮೀಸಲಿಟ್ಟ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆ ೬೪ ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿಕೊಂಡು ಹೋಗುವ ದಾರಿಯನ್ನೂ ಮಾಯಾಚೌಕವನ್ನೂ ಒಂದರಲ್ಲೊಂದು ಹೆಣೆದರು. ಅದರಲ್ಲಿ ಪ್ರತಿ ಸಾಲಿನ ಮೊತ್ತ ೨೬೦. ಕುಮುದೇಂದು ಮುನಿಯ ‘ಸಿರಿಭೂವಲಯ’ವಂತೂ ೨೭ಕ್ಕೆ ೨೭ರ, ಅಂದರೆ ೭೨೯ ಮನೆಗಳ ಚಕ್ರಗಳಲ್ಲಿ ೧ರಿಂದ ೬೪ರವರೆಗಿನ ಅಂಕೆಗಳನ್ನು ಇಟ್ಟ ಗ್ರಂಥ. ಅಂಕೆಯೊಂದು ಅಕ್ಷರ, ಯಾವ ಮನೆಯಿಂದ ಯಾವ ಮನೆಗೆ ನಡೆಯಬೇಕೆಂಬ ಕ್ರಮಕ್ಕೆ ಬಂಧವೆಂದು ಹೆಸರು. ೧೯೫೩ರಲ್ಲಿ ಅದು ಬೆಳಕು ಕಂಡಂದಿನಿಂದ ಅದರ ಕಾಲದ ಬಗ್ಗೆ ಪಂಡಿತರ ಜಗಳ ನಿಂತಿಲ್ಲ. ನಾನು ಆ ಜಗಳಕ್ಕೆ ಇಳಿಯುವುದಿಲ್ಲ.

ಇವೆಲ್ಲ ಚೌಕಗಳೇ, ಆದರೆ ಒಂದೂ ಸುಡೊಕುವಲ್ಲ. ಮಾಯಾಚೌಕದಲ್ಲಿ ಅಂಕೆಗೆ ಬೆಲೆಯುಂಟು, ಕೂಡಬೇಕು. ಸುಡೊಕುವಿನಲ್ಲಿ ಅಂಕೆ ಬರಿಯ ಗುರುತು. ಒಂದರಿಂದ ಇನ್ನೊಂದು ಹುಟ್ಟಿತೆಂಬುದಕ್ಕೆ ನಮ್ಮ ಕಡೆಯಿಂದ ಯಾವ ಆಧಾರವೂ ಇಲ್ಲ. ಇದ್ದುದನ್ನು ಇದ್ದಷ್ಟೇ ಹೇಳಿದರೆ ಮಹಾವೀರನಿಗೆ ಯಾವ ಕೊರತೆಯೂ ಆಗದು.

ಪುಸ್ತಕದಲ್ಲಿ ಇಲ್ಲದ್ದು ಕೈಯಲ್ಲಿ ಇರುತ್ತದೆಂಬುದಕ್ಕೆ ಯಲಬುರ್ಗಾದ ಒಂದು ಮಾತು. ನಿಕೋಲಿಯವರು ೧೯೮೯ರಲ್ಲಿ ಹೊರಡಿಸಿದ ‘ಸ್ಲಿದರ್‌ಲಿಂಕ್’ ಎಂಬ ಒಗಟು ಒಂದಿದೆ. ಸಾಲು ಸಾಲಾಗಿ ಚುಕ್ಕೆಗಳು; ಚುಕ್ಕೆಗಳ ನಡುವಿನ ಮನೆಗಳಲ್ಲಿ ಅಲ್ಲಲ್ಲಿ ಅಂಕೆ. ಮನೆಯಲ್ಲಿ ೩ ಎಂದಿದ್ದರೆ ಅದರ ನಾಲ್ಕು ಬದಿಗಳಲ್ಲಿ ಮೂರಕ್ಕೆ ಗೆರೆ ಎಳೆಯಬೇಕು. ಕೊನೆಗೆ ಎಲ್ಲ ಗೆರೆಗಳೂ ಸೇರಿ, ಎಲ್ಲಿಯೂ ಕವಲೊಡೆಯದೆ, ಒಂದನ್ನೊಂದು ದಾಟದೆ, ಒಂದೇ ಮುಚ್ಚಿದ ಬಳೆಯಾಗಬೇಕು. ಕಾಗದದಲ್ಲಿ ಇದನ್ನು ಬಿಡಿಸುತ್ತ ಕೂತಿದ್ದಾಗ ನಮ್ಮ ಅತ್ತೆ ಕನ್ನಡಕ ಏರಿಸಿ ನೋಡಿ, “ಇದು ಗವಂತಿ ಹಾಕಿದ್ಹಂಗ ಐತಲ್ಲೋ” ಎಂದರು. ಕಸೂತಿ ಬಲ್ಲವರಿಗೆ ಇದು ತಿಳಿದೀತು. ಗವಂತಿಯಲ್ಲಿ ಎಳೆ ಎಣಿಸಿ ಒಂದು ಹೊಲಿಗೆ ಬಿಟ್ಟು ಒಂದು ಹಾಕುತ್ತ ಹೋಗಿ, ಮರಳಿ ಬರುವಾಗ ಬಿಟ್ಟ ಜಾಗಗಳನ್ನು ತುಂಬಬೇಕು, ಗಂಟು ಹಾಕುವಂತಿಲ್ಲ, ಹಿಂದೆ ಮುಂದೆ ಒಂದೇ ರೂಪ. ಎಲ್ಲಿಂದ ಹೊರಟರೆ ದಾರ ಎಲ್ಲಿಯೂ ಕಡಿಯದೆ ಹಿಂದಿರುಗೀತು ಎಂಬ ಲೆಕ್ಕವನ್ನು ಮನಸ್ಸಿನಲ್ಲಿ ಮೊದಲೇ ಮಾಡದೆ ಸೂಜಿ ಹಾಕುವಂತಿಲ್ಲ. ಅತ್ತೆ ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವರು. ಒಗಟಿನ ಒಂದು ಮೂಲೆಯನ್ನು ನನಗಿಂತ ಮೊದಲು ಅವರೇ ಬಿಡಿಸಿದರು.

ಬದಿಯಲ್ಲಿ ಬರೆದ ಅಂಕೆಗಳನ್ನು ಎಣಿಸಿ ಮನೆಗಳಿಗೆ ಮಸಿ ತುಂಬುತ್ತ ಹೋದರೆ ಕಡೆಗೆ ಚಿತ್ರವೊಂದು ಮೂಡುವ ಒಗಟೂ ಉಂಟು. ಟೋಕಿಯೋದ ನೋನ್ ಇಶಿದಾ ಎಂಬ ಮಹಿಳೆ ೧೯೮೭ರಲ್ಲಿ ಎತ್ತರದ ಕಟ್ಟಡದ ಕಿಟಕಿಗಳ ದೀಪಗಳಿಂದ ಚಿತ್ರ ಬರೆಯುವ ಸ್ಪರ್ಧೆಯಲ್ಲಿ ಗೆದ್ದು, ಆ ದೀಪಗಳಿಂದಲೇ ಈ ಆಟವನ್ನು ಕಂಡುಕೊಂಡರು. ಅವರ ಹೆಸರಿನ ಮೇಲೆಯೇ ಅದಕ್ಕೆ ‘ನೋನೋಗ್ರಾಮ್’ ಎಂದು ಹೆಸರು. ದ್ವೀಪಗಳ ನಡುವೆ ಸೇತುವೆ ಕಟ್ಟುವ ‘ಹಾಶಿ’, ಅಂಕೆಗಳನ್ನು ಅಳಿಸುವ ‘ಹಿತೋರಿ’, ಕೂಡುವ ಲೆಕ್ಕದ ‘ಕಾಕುರೊ’, ಶಾಲಾಮಾಸ್ತರರಾದ ತೆತ್ಸುಯ ಮಿಯಾಮೊತೊ ಅವರು ೨೦೦೪ರಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ಕಟ್ಟಿದ ‘ಕೆನ್‌ಕೆನ್’: ಹೀಗೆ ಹೇಳುತ್ತ ಹೋದರೆ ಪುಟ ಸಾಲದು. ನಮ್ಮವರಿಗೆ ಕಲ್ಲಿನ ಮೇಲೆ ಮನೆ ಬರೆದು ಹುಲಿ-ಕುರಿ ಆಡುವುದು ಗೊತ್ತು. ಹೊಳೆಯಾಚೆ ಹಂಪೆಯ ಮಂಟಪಗಳ ಹಾಸುಗಲ್ಲುಗಳಲ್ಲಿ ಅಂಥ ಮನೆಗಳನ್ನು ಇಂದಿಗೂ ಕಾಣಬಹುದು. ಆದರೆ ಅವು ಇಬ್ಬರ ಆಟ. ಒಬ್ಬರೇ ಕೂತು ಆಡುವ ಆಟ ಬೇರೆ ಬಗೆಯದು. ಮೈನೆರೆದ ಮೇಲೆ ಹೊರಗೆ ಆಡಲು ಬಿಡದ ಮನೆಗಳ ಹುಡುಗಿಯರಿಗೆ ಅದರ ಬೆಲೆ ಹೆಚ್ಚೆಂದು ನನಗೆ ಕುಷ್ಟಗಿಯಲ್ಲಿ ಅನ್ನಿಸಿತು.

ಈಗ ಹುಡುಗಿಯ ಪ್ರಶ್ನೆಗೆ ಬರೋಣ: ಎಲ್ಲಿ ಸಿಗುತ್ತವೆ?

ನಿಕೋಲಿಯವರು ಒಂದೊಂದು ಬಗೆಯ ಒಗಟಿಗೆ ಒಂದೊಂದರಂತೆ ಚಿಕ್ಕ ಪುಸ್ತಕಗಳ ಮಾಲೆಯನ್ನೇ ಹೊರಡಿಸಿದ್ದಾರೆ. ಬರಹ ಜಪಾನೀ, ಆದರೆ ನಿಯಮ ಒಮ್ಮೆ ತಿಳಿದರೆ ಓದುವುದಕ್ಕೆ ಅಲ್ಲಿ ಏನೂ ಉಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಬೇಕಾದವರಿಗೆ ಅವರದೇ ‘ದಿ ಒರಿಜಿನಲ್ ಸುಡೊಕು’ ೨೦೦೫ರಲ್ಲಿ ಬಂತು. ಅಲೆಕ್ಸ್ ಬೆಲ್ಲೋಸ್ ಅವರ ‘ಪಜಲ್ ನಿಂಜಾ’ ೨೦೧೭ರದು, ಜಪಾನಿಗೆ ಹೋಗಿ ಒಗಟು ಕಟ್ಟುವವರನ್ನೇ ಕಂಡು ಬರೆದದ್ದು, ಹಲವು ಬಗೆಗಳ ರುಚಿ ತೋರಿಸುತ್ತದೆ. ಅಂಚೆಯಿಂದ ತರಿಸಿಕೊಳ್ಳಬೇಕು. ಬಸ್‌ನಿಲ್ದಾಣದ ಅಂಗಡಿಗಳಲ್ಲಿಯೂ ಸಿಕ್ಕಬಹುದಾದದ್ದು ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರ ‘ಪಜಲ್ಸ್ ಟು ಪಜಲ್ ಯು’. ಅದು ಜಪಾನಿನ ಬಗೆಯದಲ್ಲ, ಆದರೆ ಅಗ್ಗ, ಮತ್ತು ಒಳ್ಳೆಯದು.

ಜಾಲತಾಣಗಳಲ್ಲಿ ನಾನು ಮೊದಲು ಹೇಳುವುದು ಸೈಮನ್ ಟ್ಯಾಥಮ್ ಎಂಬ ಇಂಗ್ಲಿಷ್ ಗಣಕತಜ್ಞರ ಸಂಗ್ರಹವನ್ನು. ಮೂವತ್ತಕ್ಕೂ ಮಿಕ್ಕ ಬಗೆಯ ಒಗಟುಗಳು, ಪೂರ್ತಿ ಉಚಿತ, ಜಾಹೀರಾತಿಲ್ಲ. ಒಮ್ಮೆ ಮೊಬೈಲಿಗೆ ಇಳಿಸಿಕೊಂಡರೆ ಆಮೇಲೆ ನೆಟ್‌ವರ್ಕ್ ಬೇಕಿಲ್ಲ. ನಮ್ಮ ಹಳ್ಳಿಗಳ ನೆಟ್‌ವರ್ಕ್ ಬಲ್ಲವರಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ. ಹೆಸರುಗಳು ಮಾತ್ರ ಅಲ್ಲಿ ಬೇರೆ: ಸುಡೊಕು ‘ಸೋಲೊ’ ಆಗಿದೆ, ಸ್ಲಿದರ್‌ಲಿಂಕ್ ‘ಲೂಪಿ’ ಆಗಿದೆ. ಪಂದ್ಯದ ಆಸೆಯುಳ್ಳವರು ವಿಶ್ವ ಒಗಟು ಒಕ್ಕೂಟದ ಮತ್ತು ಲಾಜಿಕ್ ಮಾಸ್ಟರ್ಸ್ ಇಂಡಿಯಾದವರ ತಾಣಗಳನ್ನು ನೋಡಬಹುದು. ಹಳೆಯ ಪಂದ್ಯಗಳ ಒಗಟುಗಳನ್ನು ಅಲ್ಲಿಂದ ಇಳಿಸಿ ಅಚ್ಚು ಹಾಕಿಸಿಕೊಂಡರೆ ಝೆರಾಕ್ಸಿನ ಖರ್ಚು ಮಾತ್ರ. ವಿಶ್ವ ಸುಡೊಕು ಪಂದ್ಯ ೨೦೦೮ರಲ್ಲಿ ಗೋವೆಯಲ್ಲಿ ನಡೆದಿತ್ತು. ೨೦೧೭ರ ಅಕ್ಟೋಬರಿನಲ್ಲಿ ವಿಶ್ವ ಸುಡೊಕು ಪಂದ್ಯವೂ ವಿಶ್ವ ಒಗಟು ಪಂದ್ಯವೂ ನಮ್ಮ ಬೆಂಗಳೂರಿನಲ್ಲಿಯೇ ನಡೆದವು; ಸುಡೊಕುವಿನಲ್ಲಿ ಗೆದ್ದವರು ಜಪಾನಿನ ಕೋತಾ ಮೊರಿನಿಶಿ. ಕೊಪ್ಪಳದಿಂದ ರಾತ್ರಿಯ ಬಸ್ಸು ಹತ್ತಿದರೆ ಬೆಳಿಗ್ಗೆ ಇಳಿಯುವ ದೂರದಲ್ಲಿ ಇಷ್ಟೆಲ್ಲ ಆಗಿಹೋಯಿತು, ನನಗೆ ಗೊತ್ತೇ ಆಗಲಿಲ್ಲ.

ಈ ತಾಣಗಳಲ್ಲಿ ನಿಯಮಗಳು ಇಂಗ್ಲಿಷಿನಲ್ಲಿವೆ. ಒಗಟಿಗೆ ಭಾಷೆಯಿಲ್ಲ, ನಿಯಮಕ್ಕೆ ಉಂಟು. ಹುಡುಗಿ ಅಡ್ಡಿಬಿದ್ದದ್ದು ಅಲ್ಲಿಯೇ. ಆದ್ದರಿಂದ ಹನ್ನೊಂದು ಬಗೆಯ ಒಗಟುಗಳ ನಿಯಮಗಳನ್ನು ನಾನು ಕನ್ನಡದಲ್ಲಿ ಬರೆದು, ಒಂದೊಂದಕ್ಕೆ ಒಂದು ಬಿಡಿಸಿದ ಉದಾಹರಣೆಯೊಡನೆ, ನಲವತ್ತು ಪುಟದ ನೋಟುಬುಕ್ಕಿನಲ್ಲಿ ಅವಳಿಗೆ ಕೊಟ್ಟೆ. ಅದನ್ನು ಮಾಡಲು ನನಗೆ ಹಿಡಿದದ್ದು ಮೂರು ಭಾನುವಾರ. ಯಾವ ಊರಿನ ಗ್ರಂಥಾಲಯದಲ್ಲಾಗಲಿ ಶಾಲೆಯಲ್ಲಾಗಲಿ ಯಾರಾದರೂ ಮಾಡಬಹುದಾದ ಕೆಲಸವದು.

ಕಳೆದ ತಿಂಗಳು ಕುಷ್ಟಗಿಗೆ ಹೋದಾಗ ಪತ್ರಿಕೆ ಇನ್ನೂ ನಿಂತಿರಲಿಲ್ಲ. ನನ್ನ ತಮ್ಮ ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಹುಡುಗಿ ಒಂದು ಹಾಳೆಯನ್ನು ತಂದಿಟ್ಟಳು. ಸ್ವಂತ ಕಟ್ಟಿದ ಚೌಕ! ೨೬ ಅಂಕೆ ಕೊಟ್ಟಿದ್ದಳು. ವಿನ್ಯಾಸ ನಿಕೋಲಿಯವರಂತೆ ತಲೆಕೆಳಗು ಮಾಡಿದರೂ ಸರಿಯಾಗಿತ್ತು. ಕಮ್ಮಿ ಎಂದರೆ ೧೭ ಅಂಕೆ ಕೊಡಲೇಬೇಕು, ೧೬ಕ್ಕೆ ಒಂದೇ ಉತ್ತರದ ಚೌಕ ಆಗುವುದೇ ಇಲ್ಲವೆಂದು ೨೦೧೨ರಲ್ಲಿ ಐರ್ಲೆಂಡಿನ ಗ್ಯಾರಿ ಮೆಗ್ವಾಯರ್ ಮತ್ತು ಅವರ ಸಂಗಡಿಗರು ಕಂಪ್ಯೂಟರಿನಿಂದ ತೋರಿಸಿದ್ದನ್ನು ನಾನು ಅವಳಿಗೆ ಹೇಳಿದ್ದೆ. ಇಪ್ಪತ್ತಾರು ಧಾರಾಳವಾಯಿತೆಂದು ಅವಳ ಎಣಿಕೆ.

ಬಿಡಿಸಲು ಕೂತೆ. ಮುಕ್ಕಾಲು ಗಂಟೆಯಲ್ಲಿ ನಾಲ್ಕು ಮನೆ ಉಳಿದವು. ಎರಡು ಸಾಲು, ಎರಡು ಕಂಬ, ಎರಡು ಒಳಚೌಕಗಳಲ್ಲಿ ಹಂಚಿಕೊಂಡ ನಾಲ್ಕು ಮೂಲೆಗಳು. ಉಳಿದ ಅಂಕೆಗಳು ೪ ಮತ್ತು ೭, ಎರಡೆರಡು. ಮೇಲೆ ೪-೭, ಕೆಳಗೆ ೭-೪ ಎಂದು ಬರೆದರೂ ಸರಿ. ಮೇಲೆ ೭-೪, ಕೆಳಗೆ ೪-೭ ಎಂದರೂ ಸರಿ. ಎರಡು ಉತ್ತರ. ನಿಕೋಲಿಯವರಾಗಿದ್ದರೆ ಹಿಂದಕ್ಕೆ ಕಳಿಸುತ್ತಿದ್ದರು.

ತೋರಿಸಿದೆ. ಹುಡುಗಿ ಬಹಳ ಹೊತ್ತು ಹಾಳೆಯನ್ನೇ ದಿಟ್ಟಿಸಿದಳು. “ಹಂಗಾರ ಈ ನಾಲ್ಕರಾಗ ಒಂದ ನಾನ ಕೊಡಬೇಕು,” ಎಂದಳು. “ಆದರ ಒಂದ ಕೊಟ್ರ ಎದುರಿಂದೂ ಕೊಡಬೇಕು, ಇಲ್ಲಂದ್ರ ರಂಗೋಲಿ ಕೆಡ್ತದ.” ಆಗ ಬಾಗಿಲಲ್ಲಿ ನಿಂತಿದ್ದ ನನ್ನ ತಮ್ಮ ಮುಂದೆ ಬಂದು, ಹಾಳೆಯನ್ನು ಎತ್ತಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದ. “ಯಾವ ನಾಲ್ಕು?” ಎಂದ.